ಆಂಟೆನಾ ಪೈಪು, ಅರಗಿನ ಹಿಡಿ

ಹೊಂಗನೂರು ಕಡೆಯ ಒಂದು ಮದುವೆಯ ಕ್ಯಾಸೆಟ್ಟನ್ನು ವಾಪಸು ತಂದ ಗಿರಾಕಿ ಅದನ್ನು ನಮ್ಮ ಸ್ಟುಡಿಯೋದ ಗಾಜಿನ ಕೌಂಟರಿನ ಮೇಲಿಟ್ಟು, "ಏನ್ ಸ್ವಾಮಿ, ನಮ್ ಹುಡ್ಗನ ಮದ್ವೆ ದಿನ ಭೂಕಂಪ ಏನಾರ ಆಗಿತ್ತಾ?" ಅಂದ.

ಅಪ್ಪ ನಕ್ಕುಬಿಟ್ಟ. "ಆ ಛತ್ರದ ಸ್ಟೇಜು ಹಲ್ಗೆದು ಕಣಪ್ಪ. ಜನ ಹತ್ತಿ ಇಳುದ್ರೆ ಅದುರ್ತದೆ. ಅದು ಅದುರುದ್ರೆ ಕ್ಯಾಮೆರಾನೂ ಅದುರ್ತದೆ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಆ ಛತ್ರದ ಸ್ಟೇಜು ಸಿಮೆಂಟಿನದು. ಅದು ಗಿರಾಕಿಗೂ ಗೊತ್ತು, ನನಗೂ ಗೊತ್ತು. ಅವನು ಹಿರಿಯರೆಂದು ಸುಮ್ಮನಾದ. ನಾನು ಮಗ ಅಂತ ಸುಮ್ಮನಾದೆ. ಆ ವಾರವೇ ಅಪ್ಪ ಕ್ಯಾಮೆರಾ ಚೀಲವನ್ನು ನನ್ನ ಕಡೆ ತಳ್ಳಿ, "ಇನ್ಮೇಲೆ ನೀನೇ ಹೋಗ್ಲಾ. ನಂಗೆ ಕಣ್ಣು ಮಂಜು" ಅಂದ.

ಕಣ್ಣಿಗೆ ಏನೂ ಆಗಿರಲಿಲ್ಲ. ನಡುಗುತ್ತಿದ್ದದ್ದು ಕೈ.

ನಮ್ಮ ಸ್ಟುಡಿಯೋ ಚನ್ನಪಟ್ಟಣದಲ್ಲಿ, ಬೆಂಗಳೂರು–ಮೈಸೂರು ರಸ್ತೆಯ ಮೇಲೆ. ರಸ್ತೆ ಅಗಲ ಮಾಡಿದಾಗ ಮುಂದಿನ ಜಗಲಿ ಹೋಯಿತು, ಬೋರ್ಡು ಹೋಯಿತು, ಅಂಗಡಿ ಉಳಿಯಿತು. ಕಂಪ್ಯೂಟರ್ ಬರುವ ಮೊದಲು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ ಅಳಿಸುತ್ತಿದ್ದವನು ಅಪ್ಪ. ಗಂಡಿನ ಕಡೆಗೆ ಕಳಿಸುವ ಹೆಣ್ಣಿನ ಫೋಟೋ ಅಂದರೆ ಸುತ್ತಲ ಹಳ್ಳಿಯವರು ಅವನ ಹತ್ತಿರವೇ ಬರುತ್ತಿದ್ದರು. ಆ ಕೈ ಈಗ ಅಂಗಿಯ ಗುಂಡಿ ಹಾಕುವಾಗ, ಸಹಿ ಮಾಡುವಾಗ, ಲೋಟ ಎತ್ತುವಾಗ ನಡುಗುತ್ತಿತ್ತು. ಸುಮ್ಮನೆ ಕೂತಿದ್ದರೆ ಏನೂ ಇಲ್ಲ. ರಾಮನಗರದ ಡಾಕ್ಟರು ನೋಡಿ, ಜೀವಕ್ಕೆ ಏನೂ ಅಪಾಯವಿಲ್ಲ, ಇದು ನರದ ತೊಂದರೆ, ಕೆಲವು ಮನೆತನಗಳಲ್ಲಿ ಬರುತ್ತದೆ ಅಂದರು. ಅಪ್ಪನಿಗೆ ಉಳಿದ ಯಾವ ಮಾತೂ ಕಿವಿಗೆ ಬೀಳಲಿಲ್ಲ. 'ಮನೆತನ' ಅನ್ನುವುದೊಂದೇ ಹಿಡಿದುಕೊಂಡಿತು.

ಬಸ್ಸಿನಲ್ಲಿ ಬರುವಾಗ ನನಗೂ ಅವ್ವನಿಗೂ ಒಟ್ಟಿಗೇ ಹೇಳಿದ. "ಯಾರ್ಗೂ ಬಾಯಿ ಬುಡ್‌ಬ್ಯಾಡಿ. ಮಗಳಿಗೂ ಹೇಳ್‌ಬ್ಯಾಡಿ. ಅವ್ಳ ಮದ್ವೆ ಆಗ್ಬೇಕು. ನಡುಕದ ಮನೆತನ ಅಂತ ಒಬ್ಬ ಅಂದ್ರೆ ಸಾಕು, ಇನ್ನೊಬ್ಬ ಹೊಸಿಲು ತುಳಿಯಾಕಿಲ್ಲ."

ನನ್ನ ತಂಗಿಗೆ ಆಗ ಗಂಡು ನೋಡುತ್ತಿದ್ದರು. ಅಪ್ಪನ ಭಯ ಸುಳ್ಳಲ್ಲ. ನಮ್ಮ ಕಡೆ ಹೆಣ್ಣು ಕೊಡುವ ತರುವ ಮಾತು ಬಂದರೆ ಜನ ಅಜ್ಜನ ಕೆಮ್ಮಿನವರೆಗೂ ವಿಚಾರಿಸುತ್ತಾರೆ. ಹಾಗಾಗಿ ಊರಿಗೆ ಕಣ್ಣಿನ ಕಥೆ, ಎದುರಿನ ಟೀ ಅಂಗಡಿಗೆ ಸಕ್ಕರೆ ಕಾಯಿಲೆಯ ಕಥೆ. ಅರ್ಧ ದಿನ ಆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದ ಮನುಷ್ಯ ಅತ್ತ ಹೋಗುವುದನ್ನೇ ಬಿಟ್ಟ. ಸ್ಟುಡಿಯೋದಲ್ಲಿ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಮನೆಯಲ್ಲಿ ಕಾಫಿ ಮಾಡುವುದು ತಂಗಿ. ಅಪ್ಪನಿಗೆ ಮಾತ್ರ ದೊಡ್ಡ ಸ್ಟೀಲ್ ಲೋಟದಲ್ಲಿ ಅರ್ಧ ಕಾಫಿ ಬರುತ್ತಿತ್ತು. "ಎಷ್ಟ್ ಜಿಪುಣಿ ನೋಡವ್ವ ಇವ್ಳು, ಅಪ್ಪಂಗೂ ಅಳೆದು ಕೊಡ್ತಾಳೆ" ಅಂತ ನಾನು ರೇಗಿಸುತ್ತಿದ್ದೆ. "ನಿಂಗೆ ಅದೂ ಇಲ್ಲ ಹೋಗ್ಲಾ" ಅಂತ ಅವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಇನ್ನು ನನ್ನ ಕೈ ಏನು ಕಲ್ಲಿನದಾ? ನಿಂತು ತೆಗೆದರೆ ಪರವಾಗಿಲ್ಲ. ಮೆರವಣಿಗೆಯ ಜೊತೆ ಹಿಂದೆ ಹಿಂದೆ ನಡೆಯುತ್ತಾ ತೆಗೆದರೆ ನೋಡುವವರಿಗೆ ವಾಂತಿ ಬರಬೇಕು, ಹಾಗೆ ಕುಣಿಯುತ್ತಿತ್ತು. ಮೊದಲು ಯಾರೂ ಏನೂ ಅನ್ನುತ್ತಿರಲಿಲ್ಲ. ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದವು, ಜಮೀನು ಹೋಗಿ ದುಡ್ಡು ಬಂದವರ ಮನೆಗಳಲ್ಲಿ ಮದುವೆಗಳು ದೊಡ್ಡವಾದವು, ರಾಮನಗರ ಜಿಲ್ಲೆಯೂ ಆಯಿತು. ಆಮೇಲೆ ನೋಡಿ, ನಿನ್ನೆ ಮೊನ್ನೆವರೆಗೆ ಹಿಪ್ಪುನೇರಳೆ ಸೊಪ್ಪು ಹೊತ್ತವರೂ "ಬೆಂಗ್ಳೂರ್ ಟೀಮ್ ತರುಸ್ತೀವಿ" ಅನ್ನತೊಡಗಿದರು. ಅಂಥ ಒಂದು ಟೀಮನ್ನು ನಾನು ಬಿಡದಿಯ ಛತ್ರದಲ್ಲಿ ಕಂಡೆ. ನಾನು ಊಟಕ್ಕೆ ಹೋದವನು. ಅವರ ಕ್ಯಾಮೆರಾಮನ್ ಒಂದು ಹಿಡಿಯ ಮೇಲೆ ಕ್ಯಾಮೆರಾ ಕೂರಿಸಿಕೊಂಡು ಮೆಟ್ಟಿಲು ಓಡಿ ಹತ್ತಿದ, ಓಡಿ ಇಳಿದ. ಪಕ್ಕದ ಟಿವಿಯಲ್ಲಿ ಬರುತ್ತಿದ್ದ ಚಿತ್ರ ಒಂದಿಷ್ಟೂ ಕದಲಲಿಲ್ಲ. ನೀರು ಹೊತ್ತ ಹೆಂಗಸು ಎಷ್ಟು ಬೀಸಾಗಿ ನಡೆದರೂ ತಲೆಯ ಮೇಲಿನ ಕೊಡ ತುಳುಕುವುದಿಲ್ಲವಲ್ಲ, ಹಾಗೆ.

ಅದೇನೆಂದು ಕೇಳಿದ್ದಕ್ಕೆ ಅವನು ಬೆಲೆ ಹೇಳಿದ. ನಾನು ಹೇಳದೆ ಕೇಳದೆ ಎಲೆ ಮುಂದೆ ಹೋಗಿ ಕೂತೆ. ನನ್ನ ತಲೆಯಲ್ಲಿ ಇದ್ದದ್ದು ಮೆರವಣಿಗೆಯೂ ಅಲ್ಲ, ಗಿರಾಕಿಯೂ ಅಲ್ಲ. ಇಂಥದ್ದೊಂದು ಇದ್ದರೆ ಅಪ್ಪ ಮತ್ತೆ ಕ್ಯಾಮೆರಾ ಹಿಡಿಯಬಹುದು ಅನ್ನುವುದೊಂದೇ. ಕೊಳ್ಳಲಾಗದಿದ್ದರೆ ಮಾಡೋಣ, ಆಕಾಶದಿಂದ ಇಳಿದ ವಸ್ತುವೇನಲ್ಲವಲ್ಲ ಅಂದುಕೊಂಡೆ.

ಮಾಡುವುದು ಅಷ್ಟು ಸುಲಭವಿರಲಿಲ್ಲ. ಕೇಬಲ್ ಬಂದ ಮೇಲೆ ನಮ್ಮ ಮನೆಯ ತಾರಸಿಯ ಮೇಲೆ ಕಾಗೆ ಕೂರುವುದಕ್ಕೆ ಮಾತ್ರ ಉಳಿದಿದ್ದ ಟಿವಿ ಆಂಟೆನಾ ಇಳಿಸಿ ಅದರ ಅಲ್ಯೂಮಿನಿಯಂ ಪೈಪು ತೆಗೆದೆ. ಒಂದು ತುದಿಗೆ ಕ್ಯಾಮೆರಾ ಕೂರುವ ಹಲಗೆ. ಪೈಪನ್ನು ಮುಂದಕ್ಕೆ ಬಾಗಿಸಿ ಕೆಳಕ್ಕೆ ಇಳಿಸಿ, ಆ ತುದಿಗೆ ಸೈಕಲ್ ಶಾಪಿನಲ್ಲಿ ಸಿಕ್ಕ ಕಬ್ಬಿಣದ ವಾಷರುಗಳನ್ನು ಬೋಲ್ಟಿಗೆ ಪೋಣಿಸಿದೆ. ಕೆಳಗಿನ ತೂಕ ಮೇಲಿನ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಬೇಕು. ಎರಡರ ನಡುವೆ, ಹಲಗೆಯ ಅಡಿಗೆ, ಕೈಯಲ್ಲಿ ಹಿಡಿಯುವ ಹಿಡಿ. ಎಲ್ಲ ಗುಟ್ಟೂ ಆ ಹಿಡಿಯ ನೆತ್ತಿಯಲ್ಲಿತ್ತು. ಹಿಡಿಯ ತುದಿಗೆ ಒಂದು ಗುಂಡು ಇರಬೇಕು, ಆ ಗುಂಡಿನ ಮೇಲೆ ಸಣ್ಣ ಬಟ್ಟಲೊಂದನ್ನು ಬೋರಲು ಹಾಕಿದಂತೆ ಹಲಗೆ ಕೂರಬೇಕು. ಕೈ ಅಲುಗಿದರೆ ಗುಂಡು ಬಟ್ಟಲೊಳಗೆ ಜಾರಿಕೊಳ್ಳಬೇಕು, ಕ್ಯಾಮೆರಾಕ್ಕೆ ಸುದ್ದಿ ಮುಟ್ಟಬಾರದು.

ಚನ್ನಪಟ್ಟಣದಲ್ಲಿ ಇದ್ದುಕೊಂಡು ಗುಂಡನೆಯ ಮರ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹುಡುಕುತ್ತಾರಾ? ಸ್ಟುಡಿಯೋದ ಹಿಂದಿನ ಬೀದಿಯಲ್ಲಿ ಗೊಂಬೆ ಮಾಡುವ ಭಾಯಿಯೊಬ್ಬ ಇದ್ದ. ಅವನ ಮನೆಯ ಮುಂಜಿ, ಮದುವೆ ಎಲ್ಲಕ್ಕೂ ಅಪ್ಪನದೇ ಫೋಟೋ. ನಾನು ಕಾಗದದ ಮೇಲೆ ಗೀಚಿದ್ದನ್ನು ಅವನು ತಲೆಕೆಳಗು ಹಿಡಿದು ನೋಡಿ, "ಬುಗುರಿನಾ?" ಅಂದ. ಅಲ್ಲ ಅಂದೆ. "ಗಿಲಕಿ?" ಅಂದ. ಮೈ ಉರಿಯಿತು. ಅವನ ಎದುರಿಗೇ ಬೆರಳು ನಿಲ್ಲಿಸಿ, ಮೇಲೆ ಬಟ್ಟಲು ಬೋರಲು ಹಾಕಿ ತೋರಿಸಿದೆ. "ಹೇಳ್‌ಬಾರ್ದಾ ಮೊದ್ಲೇ" ಅಂತ ಹಾಲೆ ಮರದ ತುಂಡೊಂದನ್ನು ಲೇತಿಗೆ ಹಾಕಿದ.

ಸಂಜೆ ಹೋಗಿ ನೋಡಿದರೆ ಹಿಡಿ ತಯಾರಾಗಿತ್ತು. ಕೆಂಪು, ಹಳದಿ, ಹಸಿರು ಪಟ್ಟೆ. ಗುಂಡು ಕೆಂಪು, ಬಟ್ಟಲಿನ ಒಳಗೂ ಕೆಂಪು. ತಿರುಗುವ ಮರಕ್ಕೆ ಅರಗು ಒತ್ತಿ, ಮೇಲೆ ತಾಳೆಗರಿ ಒತ್ತಿ ಕನ್ನಡಿಯ ಹಾಗೆ ಹೊಳೆಯಿಸಿದ್ದ.

"ಭಾಯಿ, ಮದ್ವೆ ಮನೇಲಿ ಹಿಡ್ಕೊಂಡು ನಿಲ್ಲೋದು ಕಣಯ್ಯ ಇದ. ತೊಟ್ಲಿಗೆ ಕಟ್ಟಾಕಲ್ಲ" ಅಂದೆ.

"ಬಣ್ಣ ಇಲ್ದೆ ಬರೀ ಕಟ್ಟಿಗೆ ಕೊಟ್ರೆ ನಂಗೇನ್ ಮರ್ಯಾದೆ ಐತಪ್ಪ? ನಮ್ ಲೇತಿಂದ ಬಣ್ಣ ಇಲ್ದೆ ಯಾವ ಮಾಲೂ ಹೋಗಾಕಿಲ್ಲ" ಅಂದ. ನನಗೂ ಅದು ಸರಿ ಅನ್ನಿಸಿತು. ಈ ಊರಲ್ಲಿ ಹುಟ್ಟಿ ಬೆಳೆದವನು, ಬಣ್ಣ ಹಾಕದ ಕಡೆದ ಮರವನ್ನು ನಾನೂ ಕಂಡಿರಲಿಲ್ಲ. ಅಲ್ಲದೆ ಅರಗು ಬಳಿದ ಗುಂಡು ಬಟ್ಟಲಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಮೊದಲು ತೂಕ ಹೆಚ್ಚಾಗಿ ಇಡೀ ಯಂತ್ರ ಗಡಿಯಾರದ ಲೋಲಕದ ಹಾಗೆ ತೂಗಾಡಿತು. ವಾಷರು ಕಳಚಿದರೆ ಕ್ಯಾಮೆರಾ ಮುಗ್ಗರಿಸುತ್ತದೆ, ಹಾಕಿದರೆ ತೂಗುತ್ತದೆ. ಒಂದು ತೆಗಿ, ಒಂದು ಹಾಕು, ಪೈಪನ್ನು ಒಸಿ ಬಾಗಿಸು, ಮತ್ತೆ ನೆಟ್ಟಗೆ ಮಾಡು. ಥೂ, ಇದರ ಮನೆ ಹಾಳಾಗ ಅಂತ ಎಷ್ಟು ಸಲ ಮೂಲೆಗೆ ಇಟ್ಟೆನೋ. ಕೊನೆಗೆ ಒಂದು ಮಧ್ಯಾಹ್ನ ಮನೆಯ ಮೆಟ್ಟಿಲು ಹತ್ತಿ ಇಳಿದು ಬಂದು ಟಿವಿಗೆ ಹಾಕಿ ನೋಡಿದರೆ, ಗೋಡೆ ಗೋಡೆಯ ಹಾಗೆ ನಿಂತಿತ್ತು. ನಾನು ಕೂಗಿದ ಕೂಗಿಗೆ ಅವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು. ತಂಗಿ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಣ್ಣ, ಅಲ್ಲಾಡ್ಸುದ್ರೆ ಸದ್ದು ಬರಾಕಿಲ್ವಾ?" ಅಂತ ಕಿಸಕ್ಕೆಂದಳು.

ಅಪ್ಪ ದೂರದಿಂದ ನೋಡಿದ. ಏನೂ ಅನ್ನಲಿಲ್ಲ. ಅದನ್ನು ಸ್ಟುಡಿಯೋದಲ್ಲೇ ಇಟ್ಟು, ಬ್ಯಾಟರಿ ಚಾರ್ಜ್ ಮಾಡಿ, ಬೇಕೆಂದೇ ಹೊರಗೆ ಹೋಗುತ್ತಿದ್ದೆ. ಒಂದು ದಿನ ಪ್ರಿಂಟು ತರಲು ಲ್ಯಾಬಿಗೆ ಹೋದವನು ಬೇಗ ಬಂದೆ. ಕರ್ಟನ್ ಸಂದಿಯಲ್ಲಿ ನೋಡಿದರೆ ಅಪ್ಪ ಒಳಗೆ ಅದನ್ನು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ. ಮಣಿಕಟ್ಟು ನಡುಗುತ್ತಿತ್ತು, ಹಿಡಿ ನಡುಗುತ್ತಿತ್ತು, ಮೇಲಿನ ಕ್ಯಾಮೆರಾ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲದಂತೆ ತೇಲುತ್ತಿತ್ತು. ಟಿವಿಯಲ್ಲಿ ಬರುತ್ತಿದ್ದ ಚಿತ್ರವನ್ನು ಅಪ್ಪ ಬಾಯಿ ತೆರೆದು ನೋಡುತ್ತಿದ್ದ. ಅಷ್ಟು ಖುಷಿ ನನಗೆ ಮುಂದೆ ನನ್ನ ಮದುವೆಯಲ್ಲೂ ಆಗಲಿಲ್ಲ. ಸದ್ದು ಮಾಡದೆ ಇನ್ನೊಂದು ಸುತ್ತು ರಸ್ತೆಗೆ ಹೋಗಿ ಬಂದೆ.

ಅಷ್ಟರಲ್ಲಿ ತಂಗಿಗೆ ಗಂಡು ಗೊತ್ತಾಯಿತು. ಸೋಲೂರು ಕಡೆಯವರು. ತೆಂಗು, ಹಸು ಇದ್ದ ಮನೆ. ಹುಡುಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಪ್ಪಿಗೆಯ ಶಾಸ್ತ್ರ ಮುಗಿದು ಅವರೆಲ್ಲ ಹೋದ ಮೇಲೆ ಅಪ್ಪ ಹಗುರವಾದ ದನಿಯಲ್ಲಿ, "ಮಗಳ ಮದ್ವೆಗೆ ನಾನೇ ಕ್ಯಾಮೆರಾ ಹಿಡೀತೀನಿ. ಊರೋರ ಮದ್ವೆ ಎಲ್ಲಾ ತೆಗುದ್ನಂತೆ, ಮಗಳ್ದು ಬ್ಯಾರೆಯವ್ರು ತೆಗುದ್ರೆ ಚೆಂದಾಗಿರ್ತದಾ?" ಅಂದ. ನಾನು ಉಬ್ಬಿಹೋದೆ. ಅವನು ಅದೇ ಉಸಿರಲ್ಲಿ, "ಧಾರೆನ ಚಿಕ್ಕಪ್ಪ ಎರೀತಾನೆ" ಅಂದ.

ಅವ್ವ ಹಾಸಿಗೆ ಮಡಿಸುತ್ತಿದ್ದಳು. ಹಾಗೇ ನಿಂತಳು. "ಏನಂದ್ರಿ?"

"ಕ್ಯಾಮೆರಾ ಹಿಡ್ಕೊಂಡೋನು ಧಾರೆ ಹೆಂಗೆ ಎರೀಲಿ? ಎರಡ್ ಕಡೆ ಇರಾಕಾಯ್ತದಾ?"

"ಹೆತ್ತಪ್ಪ ಗುಂಡುಕಲ್ಲಂಗೆ ಬದ್ಕಿರೋವಾಗ ಚಿಕ್ಕಪ್ಪ ಧಾರೆ ಎರೀಬೇಕಾ? ಆ ಮಗೀನ್ ಮೊಕ ನೋಡಿ ಹೇಳಿ ಈ ಮಾತ!" ಅಂತ ಅವ್ವ ಹಾಸಿಗೆಯನ್ನು ನೆಲಕ್ಕೆ ಎಸೆದಳು. ತಂಗಿ ಹಿತ್ತಲಲ್ಲಿದ್ದಳು, ಕೇಳಿಸಿತೋ ಇಲ್ಲವೋ.

ನನಗೆ ಆಗ ಅರ್ಥವಾಯಿತು. ನಮ್ಮ ಕಡೆ ಧಾರೆ ಅಂದರೆ ಮದುಮಕ್ಕಳು ಕೈ ಜೋಡಿಸಿ ತೆಂಗಿನಕಾಯಿ ಹಿಡಿದಿರುತ್ತಾರೆ. ಹೆಣ್ಣಿನ ಅಪ್ಪ ಚೊಂಬಿನಿಂದ ಆ ಕೈಗಳ ಮೇಲೆ ಹಾಲು ಎರೆಯಬೇಕು, ಅವ್ವ ಅವನ ತೋಳು ಮುಟ್ಟಿಕೊಂಡಿರಬೇಕು. ಆಮೇಲೆ ನೆಂಟರೆಲ್ಲ ಸಾಲಾಗಿ ಎರೆಯುತ್ತಾರೆ. ಇಡೀ ಛತ್ರದ ಕಣ್ಣು, ಗಂಡಿನ ಕಡೆಯವರ ಕಣ್ಣು, ಆ ಒಂದು ಚೊಂಬಿನ ಮೇಲೆ. ಅಪ್ಪ ಆ ಚೊಂಬಿನಿಂದ ತಪ್ಪಿಸಿಕೊಳ್ಳಲು ನನ್ನ ಯಂತ್ರದ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ. ಅವನನ್ನು ಈಚೆಗೆ ತರೋಣ ಅಂತ ಮಾಡಿದ್ದು ಅವನಿಗೆ ಅಡಗುವ ಜಾಗ ಆಯಿತಲ್ಲ ಅಂತ ನನಗೆ ಅಳುವೂ ಬಂತು, ಸಿಟ್ಟೂ ಬಂತು.

ತಂಗಿಯ ಮದುವೆಗೆ ಮೊದಲು ಕನಕಪುರದ ಹತ್ತಿರ ಒಂದು ಮದುವೆ ಒಪ್ಪಿಕೊಂಡಿದ್ದೆವು. "ಕೈ ಪಳಗಲಿ" ಅಂತ ಅಪ್ಪನೇ ಕ್ಯಾಮೆರಾ ಹಿಡಿದ. ಲೈಟು ನಾನು ಹಿಡಿದೆ. ಆಗಿನ ವಿಡಿಯೋ ಲೈಟು ಅಂದರೆ ಹತ್ತಿರ ನಿಂತವರ ಹುಬ್ಬು ಸುಡುವಂಥದ್ದು. ಅಪ್ಪನಿಗೆ ಒಳ್ಳೆಯ ಬೆಳಕು ಸಿಗಲಿ ಅಂತ ಅವನ ಭುಜದ ಪಕ್ಕದಲ್ಲೇ, ಹಿಡಿಗೆ ತಾಗುವ ಹಾಗೆ ಲೈಟು ಹಿಡಿದು ನಿಂತೆ. ವರಪೂಜೆ ಚೆನ್ನಾಗಿ ಬಂತು. ಹಾರ ಬದಲಾಯಿಸುವುದೂ ಚೆನ್ನಾಗಿ ಬಂತು. ಜನ ಮದುಮಕ್ಕಳನ್ನು ಬಿಟ್ಟು ಅಪ್ಪನ ಕೈಯ ಪಟ್ಟೆ ಪಟ್ಟೆ ಹಿಡಿಯನ್ನು ನೋಡುತ್ತಿದ್ದರು. "ಯಾವೂರಿಂದ ತರ್ಸುದ್ರಿ ಅಣ್ಣ?" ಅಂತ ಒಬ್ಬರು ಕೇಳಿದ್ದಕ್ಕೆ ಅಪ್ಪ, "ಫಾರಿನ್ದು" ಅಂದ. ಆಹಾ, ಅಪ್ಪ ಹಳೆಯ ಅಪ್ಪನಾದ ಅಂದುಕೊಂಡೆ.

ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾ ತಟಕ್ಕನೆ ನಡುಗತೊಡಗಿತು. ಅಪ್ಪ ಎಡಗೈ ಕೊಟ್ಟು ಹಿಡಿದ, ಇನ್ನೂ ಹೆಚ್ಚಾಯಿತು. ಗಟ್ಟಿಮೇಳ ಬಡಿಯುತ್ತಿತ್ತು. ಅಪ್ಪ ನನ್ನ ಮುಖ ನೋಡಿದ. ಆ ನೋಟ ನನಗೆ ಇವತ್ತಿಗೂ ಬೇಡ. "ಹಿಡ್ಕೊಳ್ಳಾ, ಕಣ್ ಮಂಜಾಯ್ತು" ಅಂತ ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ, ಲೈಟನ್ನು ಅಲ್ಲೇ ನಿಂತಿದ್ದ ಯಾರಿಗೋ ಹಿಡಿಸಿ, ಜನರ ನಡುವೆ ನುಗ್ಗಿಕೊಂಡು ಹೊರಟುಹೋದ. ಶಾಸ್ತ್ರ ಮುಗಿದ ಮೇಲೆ ಹುಡುಕಿಕೊಂಡು ಹೋದರೆ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದ. ಬಲಗೈ ಅಂಗೈಯೆಲ್ಲ ಕೆಂಪು.

ಅರಗು ಕರಗಿತ್ತು. ಅರಗು ಬಿಸಿಗೆ ಕರಗುತ್ತದೆ ಅನ್ನುವುದು ಚನ್ನಪಟ್ಟಣದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಬಿಸಿಗೆ ಕರಗುವುದರಿಂದಲೇ ಅದನ್ನು ಮರಕ್ಕೆ ಹಚ್ಚುವುದು. ಅಂಥ ಊರಿನ ಇಬ್ಬರು ಸೇರಿ, ಬೆಂಕಿಯಂಥ ಲೈಟಿನ ಪಕ್ಕ ಹಿಡಿಯುವ ವಸ್ತುವಿಗೆ, ಅದೂ ಜಾರಬೇಕಾದ ಜಾಗಕ್ಕೇ ಅರಗು ಬಳಿದಿದ್ದೆವು. ಗುಂಡು, ಬಟ್ಟಲು ಎರಡೂ ಬೆಸೆದುಕೊಂಡು ಅಪ್ಪನ ಕೈಯ ನಡುಕವನ್ನೆಲ್ಲ ಮೇಲಕ್ಕೆ ಸಾಗಿಸಿದ್ದವು. ಬೇರೆ ಊರಿನವನು ಯಾರಾದರೂ ಮಾಡಿದ್ದರೆ ಬರೀ ಮರವನ್ನೇ ಉಜ್ಜಿ ಇಡುತ್ತಿದ್ದ. ನಮಗೆ ಬಣ್ಣ ಬೇಕಿತ್ತು.

ಮಾರನೆಯ ದಿನ ಭಾಯಿಯ ಮೇಲೆ ಹರಿಹಾಯ್ದೆ. "ಲೈಟಿನ್ ಪಕ್ಕ ಹಿಡೀತೀನಿ ಅಂತ ನೀನೆಲ್ಲಿ ಹೇಳ್ದೆ?" ಅಂತ ಅವನೂ ಹರಿಹಾಯ್ದ. ಇಬ್ಬರಿಗೂ ಗಂಟಲು ಒಣಗಿದ ಮೇಲೆ, ಕೂತುಕೊಂಡು ಗುಂಡು, ಬಟ್ಟಲು ಎರಡನ್ನೂ ಕೆರೆದೆವು. ಹಳೆಯ ಬೇರಿಂಗ್ ಒಡೆದು ತೆಗೆದ ಉಕ್ಕಿನ ಗೋಲಿಯೊಂದನ್ನು ಹಿಡಿಯ ನೆತ್ತಿಗೆ ಕೂರಿಸಿ, ಬಟ್ಟಲಿಗೆ ಒಸಿ ಗ್ರೀಸು ಸವರಿದೆವು. ಮೊದಲಿಗಿಂತ ಚೆನ್ನಾಯಿತು. ಆದರೆ ಅಪ್ಪ ಅದನ್ನು ಮುಟ್ಟಲಿಲ್ಲ. ಎಷ್ಟು ಹೇಳಿದರೂ, "ಬುಡ್ಲಾ, ನನ್ ಕೈಗೆ ಅದು ಆಗ್‌ಬರಾಕಿಲ್ಲ" ಅನ್ನುವುದೊಂದೇ.

ಈಗ ಕ್ಯಾಮೆರಾದ ನೆಪವೂ ಹೋಯಿತು. ಅವ್ವ ಚಿಕ್ಕಪ್ಪನಿಗೆ ಆಗಲೇ ಹೇಳಿ ಕಳಿಸಿದ್ದಳು, ಧಾರೆಯ ಹೊತ್ತಿಗೆ ಸ್ಟೇಜಿನ ಹತ್ತಿರ ಸುಳಿದರೆ ಜೋಕೆ ಅಂತ. ಮದುವೆಯ ಹಿಂದಿನ ದಿನ ಛತ್ರದಲ್ಲಿ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿಸುತ್ತಿದ್ದಾಗ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಧಾರೆ ಹೊತ್ನಲ್ಲಿ ಒಂದ್ ಕೆಲ್ಸ ಮಾಡ್ಲಾ. ಮಗಳ್ ಮೊಕ ತೆಗಿ. ನನ್ ಕೈ ತೆಗೀಬ್ಯಾಡ."

"ಜನ ನೋಡೇ ನೋಡ್ತಾರಲ್ಲ ಅಪ್ಪ."

"ಜನ ಒಂದ್ ಗಳಿಗೆ ನೋಡ್ತಾರೆ, ಊಟಕ್ಕೆ ಹೋಯ್ತಾರೆ. ಕ್ಯಾಸೆಟ್ಟು ಹಂಗಲ್ಲ. ಅವ್ರತ್ತೆ ಮನೇಲಿ ಹಬ್ಬ ಹಬ್ಬಕ್ಕೂ ಹಾಕ್ಕೊಂಡು ನೋಡ್ತಾರೆ. ನಾಳೀಕೆ ಅವ್ಳಿಗೊಂದು ಮಗ ಆಗಿ, ಆ ಮಗಿನ್ ಕೈ ಒಸಿ ಅದುರುದ್ರೂ, ನೋಡು ಇವ್ಳಪ್ಪಂದು ಬಂದದೆ ಅಂತಾರೆ. ಬ್ಯಾಡ ಕಣ್ಲಾ."

ಆಯ್ತು ಅಂದೆ. ಇನ್ನೇನು ಅನ್ನಲಿ?

ಬೆಳಗ್ಗೆ ಮುಹೂರ್ತಕ್ಕೆ ಲೈಟನ್ನು ದೂರ ನಿಲ್ಲಿಸಿದೆ. ನನ್ನ ಕೈಯಲ್ಲಿ ಪಟ್ಟೆ ಹಿಡಿ, ಅದರ ಮೇಲೆ ಕ್ಯಾಮೆರಾ ಹದವಾಗಿ ನಿಂತಿತ್ತು. ಪುರೋಹಿತರು ಧಾರೆಗೆ ಕರೆದರು. ಅಪ್ಪ ರೇಷ್ಮೆ ಪಂಚೆಯಲ್ಲಿ ಬಂದು ನಿಂತ. ಚೊಂಬು ಕೈಗೆ ಕೊಟ್ಟರು. ಮಾತು ಕೊಟ್ಟಂತೆ ನಾನು ತಂಗಿಯ ಮುಖಕ್ಕೆ ಕ್ಯಾಮೆರಾ ಇಟ್ಟೆ. ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸೂಜಿಗೆ ದಾರ ಪೋಣಿಸುವವಳ ಹಾಗೆ ಹುಬ್ಬು ಗಂಟು ಹಾಕಿ ಕೆಳಗೆ ಏನನ್ನೋ ನೋಡುತ್ತಿದ್ದಳು. ಧಾರೆಯಲ್ಲಿ ಹಾಗೆ ನೋಡುವ ಮದುಮಗಳನ್ನು ನಾನು ಕಂಡಿರಲಿಲ್ಲ. ಏನು ನೋಡುತ್ತಿದ್ದಾಳೆ ಅಂತ ಬೆರಳಲ್ಲಿ ಮುಟ್ಟಿ ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿದೆ. ವ್ಯೂಫೈಂಡರಿನ ಸಣ್ಣ ಗಾಜಿನಲ್ಲಿ ಕಂಡದ್ದು ಚೊಂಬು. ಅದು ಗಡಗಡ ಅದುರುತ್ತಿತ್ತು. ಅಯ್ಯೋ, ಇದನ್ನೇ ಅಪ್ಪ ಬೇಡ ಅಂದಿದ್ದನಲ್ಲ! ತಿರುಗಿಸಬೇಕು ಅನ್ನುವಷ್ಟರಲ್ಲಿ ಚಿಕ್ಕಮ್ಮಂದಿರು, ಅತ್ತೆಯಂದಿರು ಹಾಲು ಎರೆಯಲು ನುಗ್ಗಿದರು. ಅಪ್ಪ ಚೊಂಬು ಕೊಟ್ಟು ಕೈಗಳನ್ನು ಕಂಕುಳಿಗೆ ಸೇರಿಸಿ ಹಿಂದೆ ಸರಿದ. ಗಂಡಿನ ಕಡೆಯವರು ಯಾರೂ ಏನೂ ಅನ್ನಲಿಲ್ಲ. ಅವರಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ತಂಗಿಯನ್ನು ಸೋಲೂರಿಗೆ ಕಳಿಸಿದ ಮೇಲೆ, ಕ್ಯಾಸೆಟ್ಟನ್ನು ಕತ್ತರಿಸಿ ಹಾಡು ಸೇರಿಸುವ ಮಿಕ್ಸಿಂಗ್‌ಗೆ ಕೊಡುವ ಮೊದಲು, ಸ್ಟುಡಿಯೋದ ಬಾಗಿಲು ಅರ್ಧ ಎಳೆದು ಅಪ್ಪ ಅವ್ವನಿಗೆ ತೋರಿಸಲು ಕೂತೆ. ಮೊದಲೇ ಹೇಳಿಬಿಟ್ಟೆ. "ಅಪ್ಪ, ನಿನ್ ಕೈ ಬಂದ್ಬುಟ್ಟೈತೆ."

"ಮಾತ್ ಕೊಟ್ಟಿದ್ಯಲ್ಲೋ, ಮುಂಡೇದೆ! ಕಟ್ ಮಾಡುಸ್ಲಾ ಅದ" ಅಂತ ಸಿಡುಕಿದ. "ಹಾಕು, ಎಲ್ಲಿಂದ ಎಲ್ಲಿಗೆ ಕಟ್ ಮಾಡ್‌ಬೇಕು ನೋಡಾನ."

ಹಾಕಿದೆ. ಟಿವಿಯಲ್ಲಿ ತಂಗಿಯ ಮುಖ ಬಂತು, ಚಿತ್ರ ಮೆಲ್ಲಗೆ ಕೆಳಗಿಳಿಯಿತು, ಚೊಂಬು ಬಂತು. ಯಂತ್ರ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಹಿಂದಿನ ಬಾಳೆಕಂಬ ಕದಲುತ್ತಿರಲಿಲ್ಲ, ಕೆಳಗಿನ ಹಿತ್ತಾಳೆ ತಟ್ಟೆ ಕದಲುತ್ತಿರಲಿಲ್ಲ. ಅಷ್ಟು ನಿಶ್ಚಲವಾದ ಚಿತ್ರದಲ್ಲಿ ಅಪ್ಪನ ಕೈ ಒಂದೇ ನಡುಗುತ್ತಿತ್ತು. ನೆಲ ಡೊಂಕು ಅನ್ನುವ ಹಾಗೂ ಇರಲಿಲ್ಲ. ಅಪ್ಪ ಮುಖ ತಿರುಗಿಸಿದ.

"ನೋಡಿ ಇಲ್ಲಿ" ಅಂದಳು ಅವ್ವ.

ನಡುಗುತ್ತಿದ್ದದ್ದು ಒಂದೇ ಕೈ ಅಲ್ಲ. ಕೆಳಗೆ ತಂಗಿಯ ಕೈಯೂ ಆಡುತ್ತಿತ್ತು. ಹಾಲಿನ ಧಾರೆ ಎಡಕ್ಕೆ ಹೋದರೆ ಅವಳ ಕೈಯ ತೆಂಗಿನಕಾಯಿ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬಂದರೆ ಬಲಕ್ಕೆ ಬರುತ್ತಿತ್ತು. ಅಪ್ಪನ ಕೈ ಎತ್ತ ಹೋದರೂ ಅವಳು ಕೆಳಗೆ ಇರುತ್ತಿದ್ದಳು. ಅವಳ ಕೈ ಕೆಳಗಿದ್ದ ಗಂಡಿನ ಕೈಯೂ ಸುಮ್ಮನೆ ಅವಳ ಜೊತೆ ಜೊತೆಗೆ ಹೋಗುತ್ತಿತ್ತು. ಹಾಲೆಲ್ಲ ಕಾಯಿಯ ಮೇಲೇ ಬಿದ್ದು ತಟ್ಟೆಗೆ ಇಳಿಯುತ್ತಿತ್ತು. ಛತ್ರದಲ್ಲಿ ಇದು ಯಾರಿಗೂ ಕಾಣುವ ಹಾಗಿರಲಿಲ್ಲ. ಕ್ಯಾಮೆರಾ ಹಿಡಿದ ನನಗೇ ಕಂಡಿರಲಿಲ್ಲ.

ಅಪ್ಪ ಹತ್ತಿರ ಬಂದು ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಇನ್ನೊಂದ್ ಸಲ ಹಾಕು." ಹಾಕಿದೆ. "ಇನ್ನೊಂದ್ ಸಲ." ಮತ್ತೆ ಹಾಕಿದೆ.

"ಅವ್ಳಿಗೂ ಗೊತ್ತಿತ್ತೇನ್ಲಾ?" ಅಂದ.

ಅವ್ವ ಹೇಳಿದಳು. "ನಮ್ಗೆಲ್ಲಾರ್ಗಿಂತ ಮುಂಚೆ ಅವ್ಳಿಗೆ ಗೊತ್ತಾಗಿದ್ದು. ದೊಡ್ ಲೋಟಕ್ಕೆ ಅರ್ಧ ಕಾಫಿ ಹಾಕಿ ನಿಮ್ಗೆ ಕೊಡಾಕೆ ಸುರು ಮಾಡ್ದೋಳು ಯಾರು? ತುಳುಕ್‌ಬಾರ್ದು ಅಂತ. ಆ ಹುಡುಗನ್ಗೂ ಒಪ್ಪಿಗೆ ದಿನಾನೇ ಹೇಳವ್ಳೆ, ನಮ್ಮಪ್ಪಂಗೆ ಹಿಂಗೈತೆ, ಬ್ಯಾಡ ಅನ್ನಂಗಿದ್ರೆ ಈಗ್ಲೇ ಅನ್ನು ಅಂತ. ಅವ್ನು, ಅದ್ಕೇನಂತೆ, ನಮ್ಮಜ್ಜಿಗೂ ಹಂಗೇ ಇತ್ತು ಅಂದ್ನಂತೆ."

"ನಂಗ್ಯಾಕ್ ಹೇಳ್ನಿಲ್ಲ ನೀನು?"

"ಹೇಳಿದ್ರೆ ನೀವು ಮದ್ವೇನೇ ನಿಲ್ಲುಸ್ತಿದ್ರಿ. ಅಪ್ಪಂಗೆ ಹೇಳ್‌ಬ್ಯಾಡವ್ವ, ನೊಂದ್ಕೋತಾರೆ ಅಂತ ಅವ್ಳೂ ನನ್ ಕೈಲಿ ಆಣೆ ಮಾಡುಸ್ಕೊಂಡಿದ್ಲು."

ನಾನು ಅವಳನ್ನು ಜಿಪುಣಿ ಅಂದಿದ್ದೆ. ರಿಮೋಟು ಒತ್ತಿ ಕ್ಯಾಸೆಟ್ಟು ನಿಲ್ಲಿಸಿದೆ. "ಎಲ್ಲಿಂದ ಕಟ್ ಮಾಡುಸ್ಲಿ ಅಪ್ಪ?" ಅಂತ ಕೇಳಿದೆ.

"ಏನೂ ಕಟ್ ಮಾಡುಸ್‌ಬ್ಯಾಡ, ಇರ್ಲಿ" ಅಂದ ಅಪ್ಪ. ಮೂಗು ಒರೆಸಿಕೊಂಡು ಎದ್ದು, ಅರ್ಧ ಎಳೆದಿದ್ದ ಬಾಗಿಲನ್ನು ಪೂರ್ತಿ ಮೇಲಕ್ಕೆ ಎತ್ತಿದ. ಚಪ್ಪಲಿ ಮೆಟ್ಟಿ, ಲಾರಿಗಳು ಹೋಗುವವರೆಗೆ ಕಾದು, ರಸ್ತೆ ದಾಟಿ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

"ಏನ್ ಯಜಮಾನ್ರೇ, ಸಕ್ರೆ ಕಾಯ್ಲೆ ವಾಸಿ ಆಯ್ತಾ?" ಅಂತ ಅಂಗಡಿಯವನು ಗ್ಲಾಸು ಎತ್ತಿದ.

ಅಪ್ಪ ಕಂಕುಳಿಂದ ಕೈ ತೆಗೆದು ಅವನ ಮುಂದೆ ಚಾಚಿದ. ರಸ್ತೆಯ ಈಚೆಗೆ ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಸಕ್ರೆನೂ ಇಲ್ಲ, ಗಿಕ್ರೆನೂ ಇಲ್ಲ. ಕೈ ನಡುಗ್ತದೆ ಕಣಯ್ಯ. ಅರ್ಧ ಹಾಕು."